24 ಅಡಿ ಟ್ರೇಲರ್, ಡೆತ್ ವ್ಯಾಲಿ, ಹಳೇ ಗಣಿಗಳು. ಹೋಗಿ ಬಂದವರು ಸ್ವಲ್ಪ ಹೇಳ್ತೀರಾ?

ಫ್ರೀಮಾಂಟ್ ಹೊಸಬ:

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್ (ಟ್ರಕ್ ಹಿಂದೆ ಕಟ್ಟಿ ಎಳೆಯೋ ಪುಟ್ಟ ಮನೆ) ತಗೊಂಡೆ, 24 ಅಡಿ. ಇಲ್ಲೀವರೆಗೆ ಎರಡೇ ಸಲ ಎಳೆದಿದ್ದೀನಿ, ಎರಡೂ ಸಲ ಸಪಾಟು ರಸ್ತೆ. ಜನವರಿಯಲ್ಲಿ ನಾಲ್ಕು ದಿನ ಡೆತ್ ವ್ಯಾಲಿಗೆ, ಅದೇ ಕ್ಯಾಲಿಫೋರ್ನಿಯಾದ ಮರುಭೂಮಿ ನ್ಯಾಷನಲ್ ಪಾರ್ಕಿಗೆ, ಹೋಗೋಣ ಅಂತ. ನಾನು, ಹೆಂಡತಿ, ಹನ್ನೊಂದು ವರ್ಷದ ಮಗ. ಅವನಿಗೆ ಹಳೇ ಚಿನ್ನದ ಗಣಿಗಳ ಹುಚ್ಚು. ಹೆಡ್‌ಲ್ಯಾಂಪ್ ಆಗಲೇ ತರಿಸಿಕೊಂಡು ರಾತ್ರಿ ಅದನ್ನೇ ಹಾಕಿಕೊಂಡು ಮಲಗ್ತಾನೆ. ಟ್ರೇಲರನ್ನ ಗಣಿ ಹತ್ತಿರದವರೆಗೂ ಒಯ್ಯಬಹುದಾ? ಸುರಂಗದ ಒಳಗೆ ಒಂದು ಹತ್ತು ಹೆಜ್ಜೆ ಕರ್ಕೊಂಡು ಹೋದ್ರೆ ತಪ್ಪಾ?

ಹದಿನಾಲ್ಕು ಚಳಿಗಾಲ:

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ. ತಪ್ಪು. ಹತ್ತು ಹೆಜ್ಜೆ ಅಲ್ಲ, ಒಂದೂ ಬೇಡ.

ಉಪದೇಶ ಅಂದ್ಕೋಬೇಡಿ, ನಾನೇ ಹೋಗಿದ್ದವನು. ನಮ್ಮ ಎರಡನೇ ಚಳಿಗಾಲ, ಪಾರ್ಕಿನ ಹೊರಗೆ, ಬೋರ್ಡೂ ಇಲ್ಲದ ಗೇಟೂ ಇಲ್ಲದ ಒಂದು ಸುರಂಗ. ಒಳಗೆ ತಂಪು, ನೆಲ ಸಮತಟ್ಟು, ಮೇಲೆ ನುಣ್ಣನೆ ಧೂಳು. ಇಪ್ಪತ್ತು ಹೆಜ್ಜೆ ಹೋಗಿರಬಹುದು, ಕಾಲ ಕೆಳಗಿನ ಸದ್ದು ಬದಲಾಯ್ತು. ಬಗ್ಗಿ ಕೈಯಲ್ಲಿ ಧೂಳು ಸರಿಸಿದರೆ ಹಲಗೆ. ಹಿಂದಕ್ಕೆ ಸರಿದು, ಹಲಗೆ ಸಂದಿಯಲ್ಲಿ ಒಂದು ಕಲ್ಲು ಬಿಟ್ಟೆ. ಒಂದು, ಎರಡು, ಮೂರು ಅಂತ ನಿಧಾನಕ್ಕೆ ಎಣಿಸಿದ ಮೇಲೆ ಸದ್ದು ಬಂತು. ಆಮೇಲೆ ಲೆಕ್ಕ ಹಾಕಿದೆ: ಮೂರು ಸೆಕೆಂಡ್ ಅಂದ್ರೆ ಹತ್ತಿರ ಹತ್ತಿರ 44 ಮೀಟರ್. ನೂರು ವರ್ಷ ಹಳೇ ಹಲಗೆ ಮೇಲೆ ನಿಂತಿದ್ದೆ. ಹೊರಗೆ ಬಂದು ನಮ್ಮಾಕೆಗೆ ಏನೂ ಹೇಳಲಿಲ್ಲ. ಎರಡು ವರ್ಷ ಬಿಟ್ಟು ಹೇಳಿದೆ, ಅವತ್ತು ಬೈಸಿಕೊಂಡಿದ್ದು ಬೇರೆ ಕಥೆ.

ಇನ್ನೊಂದು, ಗಾಳಿ. ಹಿಂದಿನ ಗಣಿಯವರು ಮೇಣದಬತ್ತಿ ಹಿಡಿದು ಹೋಗ್ತಿದ್ದರು. ಆಮ್ಲಜನಕ ಕಡಿಮೆಯಾದರೆ ಬತ್ತಿ ಮಂಕಾಗಿ ಆರಿಹೋಗ್ತಿತ್ತು, ಮನುಷ್ಯ ವಾಪಸ್ ಓಡ್ತಿದ್ದ. ನಿಮ್ಮ ಮಗನ ಎಲ್‌ಇಡಿ ಹೆಡ್‌ಲ್ಯಾಂಪಿಗೆ ಉಸಿರೇ ಬೇಡ. ಅವನು ಬಿದ್ದ ಮೇಲೂ ಜಗಮಗ ಉರೀತಿರುತ್ತೆ. ಇದನ್ನ ಹೀಗೇ ಅವನಿಗೆ ಹೇಳಿ, ಹನ್ನೊಂದು ವರ್ಷಕ್ಕೆ ಅರ್ಥವಾಗುತ್ತೆ.

ಈಗ ಟ್ರೇಲರ್. ಅದನ್ನ ಕ್ಯಾಂಪಲ್ಲೇ ಬಿಡಿ. ಪಾರ್ಕಿನ ಫರ್ನೆಸ್ ಕ್ರೀಕ್ ಕ್ಯಾಂಪಿನಲ್ಲಿ ಚಳಿಗಾಲಕ್ಕೆ ರಿಸರ್ವೇಶನ್ ಬೇಕು. ಕರೆಂಟು, ನೀರು ಎಲ್ಲ ಇರೋ ಜಾಗಗಳು ಕಡಿಮೆ, ಬೇಗ ಮುಗಿದುಹೋಗ್ತವೆ. ಪಕ್ಕದ ಟೆಕ್ಸಸ್ ಸ್ಪ್ರಿಂಗ್ಸ್‌ನಲ್ಲಿ ಜನರೇಟರ್ ಹಾಕೋ ಹಾಗಿಲ್ಲ. ಬ್ಯಾಟರಿ ಚೆನ್ನಾಗಿದ್ದರೆ ನಾನು ಅಲ್ಲಿಗೇ ಹೋಗೋದು, ರಾತ್ರಿ ಅಷ್ಟು ನಿಶ್ಶಬ್ದ.

ನೀವು ಪಶ್ಚಿಮದಿಂದ ಹೆದ್ದಾರಿ 190ರಲ್ಲಿ ಬಂದರೆ ಟೌನ್ ಪಾಸ್ ಅನ್ನೋ ಘಾಟಿ ಸಿಗುತ್ತೆ, 4,956 ಅಡಿ ಎತ್ತರ. ಅಲ್ಲಿಂದ ಸ್ಟೋವ್‌ಪೈಪ್ ವೆಲ್ಸ್‌ಗೆ ಇಳಿದರೆ ಸಮುದ್ರಮಟ್ಟ. ಏರೋದು ಎಂಜಿನ್ನಿನ ಕಷ್ಟ, ಇಳಿಯೋದು ನಿಮ್ಮ ಕಷ್ಟ. ತುದಿಯಲ್ಲೇ ಕಡಿಮೆ ಗೇರಿಗೆ ಹಾಕಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅರ್ಧ ದಾರಿಗೆ ಸುಟ್ಟ ವಾಸನೆ ಬರುತ್ತೆ.

ಗಣಿ ಅಂದ್ರೆ ನನ್ನ ಮಟ್ಟಿಗೆ ಕೀನ್ ವಂಡರ್. ಡಾಂಬರು ಬಿಟ್ಟು ಮೂರು ಮೈಲಿಗೆ ಸ್ವಲ್ಪ ಕಡಿಮೆ ಮಣ್ಣು ರಸ್ತೆ, ಟ್ರಕ್ಕಲ್ಲಿ ಮಾತ್ರ ಹೋಗಿ. ಮಳೆ ಬಂದರೆ ಕೊಚ್ಚಿಹೋಗುತ್ತೆ, ಮೊದಲು ವಿಸಿಟರ್ ಸೆಂಟರಲ್ಲಿ ಕೇಳಿಕೊಳ್ಳಿ. ಬುಡದಿಂದ ಮೇಲಿನ ರೋಪ್‌ವೇ ನಿಲ್ದಾಣಕ್ಕೆ ಸುಮಾರು ಒಂದೂವರೆ ಮೈಲಿ, ಅಷ್ಟರಲ್ಲೇ 1,500 ಅಡಿ ಏರು. ಮಂಡಿ ಮಾತಾಡುತ್ತೆ. ಆದರೆ ದಾರಿಯುದ್ದಕ್ಕೂ ತಲೆ ಮೇಲೆ ಮರದ ಗೋಪುರಗಳು. ಆ ರೋಪ್‌ವೇಗೆ ಎಂಜಿನ್ನೇ ಬೇಕಿರಲಿಲ್ಲ: ಅದಿರು ತುಂಬಿದ ಬಕೆಟ್ ತನ್ನ ಭಾರಕ್ಕೇ ಕೆಳಗಿಳಿಯೋದು, ಇಳೀತಾ ಖಾಲಿ ಬಕೆಟ್ಟನ್ನ ಮೇಲೆಳೆಯೋದು. ನಮ್ಮ ಬಾವಿ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ, ಒಂದು ಮೈಲಿ ಉದ್ದಕ್ಕೆ. ಗಣಿ ಬಾಯಿಗಳು ಅಪಾಯ ಅಂತ 2008ರಲ್ಲಿ ಆ ಜಾಗವನ್ನೇ ಮುಚ್ಚಿದ್ದರು. ಸರಿಮಾಡಿ 2017ರಲ್ಲಿ ತೆರೆದರು. ಬೆಳಿಗ್ಗೆ ಏಳಕ್ಕೆ ಹತ್ತೋಕೆ ಶುರುಮಾಡಿ.

ಬಿಸಿಲುಕುದುರೆ:

ಸಾರ್ ಹೇಳಿದ್ದಕ್ಕೆ ಒಂದು ತಕರಾರು. ಮೊದಲನೇ ಸಲಕ್ಕೆ ಮಗುವಿಗೆ ಕೀನ್ ವಂಡರ್ ಏರು ಜಾಸ್ತಿಯಾಯ್ತು. ನೆವಾಡಾದ ಬೀಟಿ ಊರಿನ ಹತ್ತಿರದ ರಯೋಲೈಟ್‌ಗೆ ಹೋಗಿ, ಗಣಿ ನಂಬಿಕೊಂಡು ಎದ್ದು ಈಗ ಪಾಳುಬಿದ್ದ ಊರು. 1904ರಲ್ಲಿ ಚಿನ್ನ ಸಿಕ್ಕಿತು, ಮೂರು ಮಹಡಿಯ ಬ್ಯಾಂಕ್ ಕಟ್ಟಿದರು, 1916ರಲ್ಲಿ ಕರೆಂಟೂ ಕಿತ್ತರು. ಬಾಟಲಿಗಳಲ್ಲೇ ಕಟ್ಟಿದ ಮನೆ ಇನ್ನೂ ಇದೆ.

ಸೆಕೆಂಡ್ ಹ್ಯಾಂಡ್ ಟ್ರೇಲರ್ ಅಂದ್ರಲ್ಲ, ಟೈರಿನ ವಯಸ್ಸು ನೋಡಿದ್ದೀರಾ? ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗೋ ನಂಬರಿನ ಕೊನೇ ನಾಲ್ಕು ಅಂಕಿ: ಮೊದಲೆರಡು ತಯಾರಾದ ವಾರ, ಕೊನೇ ಎರಡು ವರ್ಷ. ನಾವು ನೋಡಿರಲಿಲ್ಲ. ಹೊಳೆಯೋ ಟೈರು, ಒಂಬತ್ತು ವರ್ಷ ಹಳೇದು, ಹೆದ್ದಾರಿ 395ರಲ್ಲಿ ಢಂ ಅಂತ. ಕುಡಿಯೋ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್. ಟ್ರಕ್ಕಲ್ಲಿ ಬೇರೆ ಇಡಿ, ಟ್ರೇಲರ್ ಟ್ಯಾಂಕಿನ ಲೆಕ್ಕಕ್ಕೆ ಸೇರಿಸಬೇಡಿ. ಗಣಿ ಹತ್ತಿರ ಬಿದ್ದಿರೋ ತುಕ್ಕು ಡಬ್ಬ, ಮೊಳೆ ಏನನ್ನೂ ಎತ್ತಿಕೊಂಡು ಬರೋ ಹಾಗಿಲ್ಲ. ಮಗನ ಜೇಬು ನೋಡಿ.

ಹದಿನಾಲ್ಕು ಚಳಿಗಾಲ:

ಮೇಡಂ ಹೇಳಿದ ಟೈರಿನ ಮಾತಿಗೆ ನೂರಕ್ಕೆ ನೂರು. ರಯೋಲೈಟ್ ವಿಷಯಕ್ಕೆ ಮಾತ್ರ ಒಪ್ಪಲ್ಲ, ಅಲ್ಲಿ ಕಾರಿಂದಿಳಿದು ಫೋಟೋ ತೆಗೆಯೋದಷ್ಟೇ.

ಹುಡುಗನಿಗೆ ಏನೋ ಒಂದರ ಒಳಗೆ ಹೋಗಲೇಬೇಕು ಅಂತಿದ್ದರೆ ವೈಲ್ಡ್‌ರೋಸ್ ಇದ್ದಿಲು ಗೂಡುಗಳಿಗೆ ಕರ್ಕೊಂಡು ಹೋಗಿ. 1877ರಲ್ಲಿ ಕಟ್ಟಿದ್ದು, ಹತ್ತು ಗೂಡು, ಜೇನುಗೂಡಿನ ಆಕಾರ, ಎರಡಾಳಿಗಿಂತ ಎಷ್ಟೋ ಎತ್ತರ. ಬೆಳ್ಳಿ, ಸೀಸದ ಅದಿರು ಕರಗಿಸೋಕೆ ಇಲ್ಲಿ ಇದ್ದಿಲು ಸುಡ್ತಿದ್ದರು. ಒಳಗೆ ಹೋಗಬಹುದು, ಕೂಗಬಹುದು. ಆ ರಸ್ತೆಯಲ್ಲಿ 25 ಅಡಿಗಿಂತ ಉದ್ದದ ಗಾಡಿ ಬಿಡಲ್ಲ, ಟ್ರಕ್ ಜೊತೆ ಸೇರಿಸಿದರೆ ನಿಮ್ಮದು ಅದರ ದುಪ್ಪಟ್ಟಿನ ಹತ್ತಿರ. ಜನವರಿಯಲ್ಲಿ ಮೇಲೆ ಹಿಮ ಇರಬಹುದು.

ಹಾರ್ಮನಿ ಬೋರಾಕ್ಸ್ (ಬಿಳಿಗಾರ) ಕಾರ್ಖಾನೆ ಬಳಿ ಹಳೇ ಗಾಡಿಗಳೂ ಇವೆ. ಆಗ ಬೋರಾಕ್ಸ್ ಸಾಗಿಸ್ತಿದ್ದದ್ದು ಹೀಗೆ: ಹದಿನೆಂಟು ಹೇಸರಗತ್ತೆ, ಎರಡು ಕುದುರೆ, ಎರಡು ದೊಡ್ಡ ಗಾಡಿ, ಹಿಂದೆ ನೀರಿನ ಟ್ಯಾಂಕ್. 165 ಮೈಲಿ ದೂರದ ಮೊಹಾವಿ ರೈಲು ನಿಲ್ದಾಣಕ್ಕೆ ಹತ್ತು ದಿನ. ಆ ಕಣಿವೆಯ ಮೊದಲ ಟ್ರೇಲರಿನವರು ಅವರೇ ಅಂತ ನನ್ನ ಲೆಕ್ಕ.

ಫ್ರೀಮಾಂಟ್ ಹೊಸಬ:

ಹೋಗಿ ಬಂದ್ವಿ. ಟೈರು ಏಳು ವರ್ಷದ್ದು ಅಂತ ಗೊತ್ತಾಯ್ತು, ನಾಲ್ಕೂ ಬದಲಾಯಿಸಿದೆ. ಟೌನ್ ಪಾಸ್ ಇಳಿಯೋವಾಗ ಟ್ರಕ್ಕಲ್ಲಿ ಯಾರೂ ಮಾತಾಡಲಿಲ್ಲ. ಕೀನ್ ವಂಡರ್‌ನಲ್ಲಿ ಮುಕ್ಕಾಲು ದಾರಿಗೆ ನಾನೇ ಕೂತೆ, ಮಗ ಅಮ್ಮನ ಜೊತೆ ಮೇಲೆ ಹೋದ. ಇದ್ದಿಲು ಗೂಡಿನ ಒಳಗೆ ಹೆಡ್‌ಲ್ಯಾಂಪ್ ಹಾಕಿಕೊಂಡು ಹತ್ತಕ್ಕೆ ಹತ್ತೂ ನೋಡಿದ. ಒಂದೊಂದರಲ್ಲೂ ಅವನ ಹೆಸರು ಅವನೇ ಕೂಗಿಕೊಂಡ. ಏಳನೇ ಗೂಡು ಎಲ್ಲಕ್ಕಿಂತ ಚೆನ್ನಾಗಿ ಉತ್ತರ ಕೊಡುತ್ತಂತೆ.