ಅಪ್‌ಡೇಟ್: ಬೀದಿನಾಯಿಗಳ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿ

ಮೈಸೂರಿನ ಕುವೆಂಪುನಗರದಲ್ಲಿ ಬೀದಿನಾಯಿಗಳಿಗೆ ಇಟ್ಟ ತೊಟ್ಟಿಯಲ್ಲಿ ದಿನಾ ನೀರು ಬದಲಾಯಿಸಿದರೂ ಸೊಳ್ಳೆಮರಿ ಯಾಕೆ, ಅಕ್ಕಪಕ್ಕದವರು ತೆಗೆಸಿ ಅಂತಿದ್ದಾರೆ ಎಂದು ಕೇಳಿದ್ದೆ. ಈಗ ಹಿಡಿತಕ್ಕೆ ಬಂದಿದೆ.

ತಪ್ಪು ಇದ್ದದ್ದು ಉಜ್ಜದೇ ಇದ್ದದ್ದರಲ್ಲಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ನೀರಿನ ಅಂಚಿಗೆ, ತೊಟ್ಟಿಯ ಗೋಡೆ ಮೇಲೆ. ನೀರು ಚೆಲ್ಲಿದರೂ ಅದು ಅಲ್ಲೇ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ. ಮತ್ತೆ ನೀರು ತುಂಬಿದರೆ ಮರಿ. ಹಾಗಾಗಿ ವಾರಕ್ಕೆ ಎರಡು ಸಲ ತೆಂಗಿನ ನಾರಿನಿಂದ ಒಳಗೋಡೆ, ಅದರಲ್ಲೂ ನೀರಿನ ಅಂಚಿನ ಪಾಚಿಗೆರೆಯನ್ನು ಗಸಗಸ ಉಜ್ಜಿ, ನೀರನ್ನು ಮಣ್ಣಿಗೆ ಸುರಿಯಬೇಕು, ಮೋರಿಗಲ್ಲ. ಫಿನಾಯಿಲ್ ಬೇಡವೇ ಬೇಡ, ಕುಡಿಯೋ ಪ್ರಾಣಿಗೆ ವಿಷ.

ಪ್ಲಾಸ್ಟಿಕ್ ಬೇಸಿನ್ ಉರುಳಿ ಬೀಳುತ್ತೆ; ಅಗಲವಾದ ಸಿಮೆಂಟ್ ತೊಟ್ಟಿಯೇ ಸರಿ. ಹೊಂಗೆಮರದ ನೆರಳಲ್ಲಿಟ್ಟು, ಅಳಿಲು ಬಿದ್ದರೆ ಹತ್ತಲು ಒಳಗೊಂದು ಕಲ್ಲು.

ಊಟದ ಜಾಗ ಬೇರೆ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಅದು ಮಕ್ಕಳ ಆಟದ ಜಾಗ, ಮೆಟ್ಟಿಲು, ಗೇಟಿನಿಂದ ದೂರ ಇರಬೇಕು. ಉಪ್ಪು, ಈರುಳ್ಳಿ ಇಲ್ಲದ ಅನ್ನ-ಮೊಟ್ಟೆ ಸಾಕು. ಉಳಿದದ್ದನ್ನು ಆಗಲೇ ಎತ್ತದಿದ್ದರೆ ಹೆಗ್ಗಣ ಗ್ಯಾರಂಟಿ. ಕಿವಿಯಲ್ಲಿ ಆಪರೇಷನ್ ಆದ ಗುರುತಿನ ಕಚ್ಚು ಇಲ್ಲದ ಎರಡು ನಾಯಿಗಳಿಗೆ ಸಂತಾನಹರಣ ಇನ್ನೂ ಬಾಕಿ.