ಅಪ್‌ಡೇಟ್: ಬೋನ್ ಗ್ರಾಫ್ಟ್ ಮಾಡಿಸಿದ ಜಾಗದಿಂದ ಬರುತ್ತಿದ್ದ ಕಾಳುಗಳು

ದವಡೆ ಹಲ್ಲು ಕೀಳಿಸಿ ಬೋನ್ ಗ್ರಾಫ್ಟ್ (ಹಲ್ಲು ಕಿತ್ತ ಗುಂಡಿಗೆ ಮೂಳೆಯ ಪುಡಿ ತುಂಬುವುದು) ಮಾಡಿಸಿದ 4ನೇ ದಿನ ಬಾಯಲ್ಲಿ ಮರಳಿನಂಥ ಕಾಳು ಸಿಗುತ್ತಿದೆ, ತುಂಬಿದ್ದೆಲ್ಲಾ ಹೋಯ್ತಾ ಅಂತ ಗಾಬರಿಯಿಂದ ಕೇಳಿದ್ದೆ. ಹೋಗಿಲ್ಲ! ಮರುದಿನವೇ ಡಾಕ್ಟರಿಗೆ ತೋರಿಸಿದೆ. ಮೊದಲ ಕೆಲವು ದಿನ ಒಂದೆರಡು ಕಾಳು ಉದುರುವುದು ಸಹಜ ಅಂದರು. ತಪ್ಪು ನನ್ನದೂ ಇತ್ತು, ಜೋರಾಗಿ ಬಾಯಿ ಮುಕ್ಕಳಿಸುತ್ತಿದ್ದೆ. ಈಗ ಉಪ್ಪುನೀರು ಬಾಯಲ್ಲಿಟ್ಟುಕೊಂಡು ತಲೆ ಆಚೀಚೆ ವಾಲಿಸುತ್ತೇನೆ. ಆಮೇಲೆ ಉಗುಳದೆ, ಸುಮ್ನೆ ಬಾಯಿ ತೆರೆದು ಸಿಂಕಿಗೆ ಸುರಿಯುತ್ತೇನೆ. ನೋಡುವವರಿಗೆ ಕಷ್ಟ ಬಿಡಿ. ಊತ 3ನೇ ದಿನ ಜಾಸ್ತಿಯಿತ್ತು, ವಾರದಲ್ಲಿ ಇಳಿಯಿತು. 10ನೇ ದಿನ ಹೊಲಿಗೆ ಬಿಚ್ಚಿದರು. ಒಸಡು ಕೂಡಿಕೊಂಡಿದೆ, ಆದರೆ ಒಳಗೆ ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. 4 ತಿಂಗಳಾದ ಮೇಲೆ ಸ್ಕ್ಯಾನ್, ಆಮೇಲೆ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲಿನ ಬೇರು). ಅಲ್ಲಿವರೆಗೂ ಎಡಗಡೆಯಲ್ಲೇ ಅಗಿಯುತ್ತಿದ್ದೇನೆ.