‘ತೆರೆದ ಮುರಿತ’ ಸಾಕೇ? ವಸ್ತು ನಾಟಿ ಮೂಳೆ ಮುರಿದರೆ ಏನನ್ನೋಣ?

ಗೆಳೆಯರೇ,

ರಸ್ತೆ ಅಪಘಾತದ ಪ್ರಥಮ ಚಿಕಿತ್ಸೆಯ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಓಪನ್ ಫ್ರಾಕ್ಚರ್’ಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವಲ್ಲಿಗೆ ಬಂದು ತಡವರಿಸುತ್ತಿದ್ದೇನೆ.

ಹಿಂದೆ ಇದನ್ನು ‘ಸಂಯುಕ್ತ ಮುರಿತ’ ಅನ್ನುತ್ತಿದ್ದರು. ಕೇಳಿದರೆ ಎರಡು ಮೂಳೆ ಒಟ್ಟಿಗೆ ಮುರಿದ ಹಾಗಿದೆ. ‘ತೆರೆದ ಮುರಿತ’ ಎಷ್ಟೋ ವಾಸಿ. ಆದರೆ ಹಾಗಂದ ಕೂಡಲೇ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿರುವುದೇ ಕಣ್ಣಿಗೆ ಕಟ್ಟುತ್ತದೆ. ವೈದ್ಯರ ಲೆಕ್ಕದಲ್ಲಿ ಅಷ್ಟು ಬೇಕಾಗಿಲ್ಲ. ಮುರಿದ ಜಾಗಕ್ಕೆ ಹೊರಗಿನಿಂದ ದಾರಿಯಾಗಿದ್ದರೆ ಸಾಕು. ಇಂಥ ಮುರಿತಗಳನ್ನು ತೀವ್ರತೆಗೆ ತಕ್ಕ ಹಾಗೆ ದರ್ಜೆಗಳಾಗಿ ವಿಂಗಡಿಸುವ 1976ರ ಗಸ್ಟಿಲೊ-ಆಂಡರ್ಸನ್ ವರ್ಗೀಕರಣದಲ್ಲಿ ಮೊದಲ ದರ್ಜೆಯ ಗಾಯ 1 ಸೆಂಟಿಮೀಟರಿಗಿಂತಲೂ ಚಿಕ್ಕದು.

ನನಗೆ ತೊಡಕು ಜಾಸ್ತಿ ಆಗಿರುವುದು ಮುಂದಿನ ಮಾತಿನಲ್ಲಿ. ಬೈಕಿನ ಬ್ರೇಕ್ ಲಿವರ್ ತೊಡೆಗೆ ಹೊಕ್ಕು, ಮೂಳೆ ಮುರಿದು, ಅಲ್ಲೇ ಸಿಕ್ಕಿಕೊಂಡಿದೆ ಅಂದುಕೊಳ್ಳಿ. ಇಲ್ಲಿ ಮೂಳೆ ಹೊರಗೆ ಬಂದಿಲ್ಲ, ಲಿವರ್ ಒಳಗೆ ಹೋಗಿದೆ. ‘ಚುಚ್ಚಿತು’ ಅಂದರೆ ಸೂಜಿಯಂತೆ ಚುಚ್ಚಿ ಈಚೆ ಬಂದದ್ದೂ ಆಗಬಹುದು. ‘ತೂರಿತು’ ಅಂದರೆ ಹಾದು ಆಚೆ ಹೋಯಿತೇನೋ ಅನಿಸುತ್ತದೆ. ‘ನಾಟಿತು’ ನನಗೆ ಹಿಡಿಸಿದೆ. ಬಾಣ ನಾಟಿತು, ಮುಳ್ಳು ನಾಟಿತು ಅಂತೀವಲ್ಲ, ನಾಟಿದ್ದು ಅಲ್ಲೇ ನಿಂತಿರುತ್ತದೆ. ಓದುವವರಿಗೆ ಇದೇ ಮುಖ್ಯವಾಗಿ ತಿಳಿಯಬೇಕಾದ್ದು, ಯಾಕೆಂದರೆ ಅದನ್ನು ರಸ್ತೆಯಲ್ಲಿ ಕೀಳಲೇಬಾರದು. ಅದು ರಕ್ತನಾಳವನ್ನು ಒತ್ತಿ ಹಿಡಿದಿರಬಹುದು. ಕಿತ್ತರೆ ರಕ್ತ ಧಾರೆಯಾಗಿ ಸುರಿಯುತ್ತದೆ. ಅಲುಗಾಡದ ಹಾಗೆ ಎರಡೂ ಬದಿಗೆ ಬಟ್ಟೆಯ ಒತ್ತು ಕೊಟ್ಟು ಕಟ್ಟಬೇಕು. ತೆಗೆಯುವುದು ಆಪರೇಷನ್ ಥಿಯೇಟರಿನಲ್ಲಿ.

ಸದ್ಯಕ್ಕೆ ‘ವಸ್ತು ನಾಟಿದ ತೆರೆದ ಮುರಿತ’ ಅಂತ ಬರೆದಿದ್ದೇನೆ. ಉದ್ದ ಆಯಿತು, ಅಲ್ವಾ? ‘ನಾಟುಮುರಿತ’ ಅಂತ ಕೂಡಿಸಬಹುದು. ಆದರೆ ‘ನಾಟಿ ಕೋಳಿ’, ‘ನಾಟಿ ವೈದ್ಯ’ದ ನಾಟಿಯನ್ನು ಜನ ಇದಕ್ಕೆ ಅಂಟಿಸಿಕೊಂಡಾರು ಅನ್ನುವ ಅಳುಕಿದೆ.

‘ಫಾರಿನ್ ಬಾಡಿ’ಗೆ ‘ಪರಕೀಯ ವಸ್ತು’ ಸುಮ್ನೆ ಭಾರ. ‘ಹೊರವಸ್ತು’ ಅಂದರೆ ಮಣ್ಣು, ಗಾಜಿನ ಚೂರು, ಗಾಯದೊಳಗೆ ಸೇರಿದ ಬಟ್ಟೆಯ ಎಳೆ ಎಲ್ಲ ಬಂತು. ಮರದ ಸಿಬಿರೂ ಬಂತು. ಅದು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಒಳಗೇ ಉಳಿದು ಕೀವು ಕಟ್ಟುತ್ತದೆ. ಹಾಗಾಗಿ ಏನು ಚುಚ್ಚಿತ್ತು ಅನ್ನುವುದನ್ನು ವೈದ್ಯರಿಗೆ ಹೇಳಿ ಅಂತ ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಯಾರಾದರೂ ಆಂಬುಲೆನ್ಸ್ ಅಥವಾ ಮೂಳೆ ವಿಭಾಗದಲ್ಲಿ ಕೆಲಸ ಮಾಡುವವರಿದ್ದರೆ, ರೋಗಿಯ ಮನೆಯವರಿಗೆ ಇದನ್ನು ಯಾವ ಮಾತಿನಲ್ಲಿ ಹೇಳುತ್ತೀರಿ? ‘ಸಿಬಿರು’ ಎಲ್ಲರಿಗೂ ಅರ್ಥವಾಗುತ್ತದೆಯೇ, ‘ಮರದ ಚೂರು’ ಅಂತಲೇ ಬರೆಯಲೇ?